ಕೊನೆಯ ಬಟನ್ ಇನ್ನೂ ನಮ್ಮ ಕೈಯಲ್ಲೇ ಇದೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ನಾಲ್ಕು ಜನ ಕೂತು ಬ್ಯಾಡಗಿ ಮಾರುಕಟ್ಟೆಯ ಕೆಲವು ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮೆಣಸಿನಕಾಯಿ ಚೀಲಗಳ ತೂಕ, ದರ, ಹಮಾಲಿ ಎಲ್ಲ ಲೆಕ್ಕ ಹಾಕಿ ರೈತನ ಕೈಗೆ ಕೊಡುವ ಪಟ್ಟಿ ಅದರಿಂದಲೇ ಪ್ರಿಂಟ್ ಆಗುತ್ತದೆ.

ಮೊದಲು ಎಲ್ಲ ಕೈಯಿಂದಲೇ. ಒಂದು ಹೊಸ ವರ್ಷನ್ ಹಾಕಬೇಕಂದ್ರೆ ಅರ್ಧ ದಿನ ಹೋಗುತ್ತಿತ್ತು, ಒಂದಲ್ಲ ಒಂದು ಹೆಜ್ಜೆ ಮರೆಯುತ್ತಿದ್ದೆವು. ಅದಕ್ಕೇ ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಪೈಪ್‌ಲೈನ್ ಕಟ್ಟಿದೆವು, ಅಂದ್ರೆ ಈ ಹೆಜ್ಜೆಗಳನ್ನೆಲ್ಲ ಒಂದಾದ ಮೇಲೊಂದು ತಾನೇ ನಡೆಸುವ ವ್ಯವಸ್ಥೆ. ಕೋಡ್ ಸೇರಿಸಿದರೆ ಸಾಕು: ಬಿಲ್ಡ್ (ಕೋಡ್‌ನಿಂದ ಓಡುವ ಸಾಫ್ಟ್‌ವೇರ್ ತಯಾರಿಸುವುದು), ಟೆಸ್ಟ್, ಕೊನೆಗೆ ಅಂಗಡಿಗಳು ಬಳಸುವ ಸರ್ವರ್‌ಗೂ ತಾನೇ ಹೋಗುತ್ತಿತ್ತು. ಮೂರು ತಿಂಗಳು ಬಹಳ ಖುಷಿಯಲ್ಲಿದ್ದೆವು.

ಒಂದು ಭಾನುವಾರ ರಾತ್ರಿ ತೂಕ ಕೂಡಿಸುವ ಕೋಡ್ ಸ್ವಲ್ಪ ಬದಲಾಯಿಸಿದೆವು. ಟೆಸ್ಟ್ ಎಲ್ಲ ಹಸಿರು, ಅಂದ್ರೆ ಪಾಸ್. ಸೋಮವಾರ ಬ್ಯಾಡಗಿಯಲ್ಲಿ ವ್ಯಾಪಾರದ ದಿನ. ಮಧ್ಯಾಹ್ನ ಒಂದು ಅಂಗಡಿಯ ಗುಮಾಸ್ತರಿಂದ ಫೋನ್ ಬಂತು: "ಹನ್ನೆರಡ ಚೀಲಕ್ಕ ಐದ ಕೆಜಿ ಕಮ್ಮಿ ಬಂದೈತ್ರಿ, ರೈತ ಇಲ್ಲೇ ನಿಂತಾನ." ಹೊಸ ಕೋಡ್ ಒಂದೊಂದು ಚೀಲದ ಗ್ರಾಂ ಕತ್ತರಿಸಿ ಆಮೇಲೆ ಕೂಡಿಸುತ್ತಿತ್ತು. ನಮ್ಮ ಟೆಸ್ಟ್‌ನಲ್ಲಿದ್ದ ಚೀಲಗಳೆಲ್ಲ 40, 45 ಕೆಜಿ, ಗ್ರಾಂ ಅನ್ನೋದೇ ಇರಲಿಲ್ಲ. ತಪ್ಪು ಅದಕ್ಕೆ ಕಾಣುವುದಾದರೂ ಹೇಗೆ? ಹಳೆಯ ವರ್ಷನ್‌ಗೆ ಮರಳಲು ಐದೇ ನಿಮಿಷ ಸಾಕಾಯಿತು. ಆದರೆ ಆಗಲೇ ಪ್ರಿಂಟ್ ಆದ ಪಟ್ಟಿ ಹಿಡಿದು ಊರಿಗೆ ಹೋದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ವ್ಯತ್ಯಾಸದ ಹಣ ಮುಟ್ಟಿಸಲು ಎಂಟು ದಿನ ಹಿಡಿಯಿತು. ವರ್ಷವಿಡೀ ದುಡಿದ ಬೆಳೆ ಅದು. ಐದು ಕೆಜಿ ಡಬ್ಬಿ ತಳಿಯ ಮೆಣಸಿನಕಾಯಿ ಅಂದ್ರೆ ಸುಮ್ನೆ ಅಲ್ಲ.

ಮತ್ತೆ ಎಲ್ಲ ಕೈಯಿಂದಲೇ ಮಾಡೋಣ ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಕೈಯಿಂದ ಮಾಡುವಾಗ ಆಗಿದ್ದ ತಪ್ಪುಗಳೇನು ಕಡಿಮೆಯೇ? ಒಂದೊಂದು ಹೆಜ್ಜೆಯನ್ನೂ ತೆಗೆದುಕೊಂಡು ಕೇಳಿಕೊಂಡೆವು: ಇದು ತಪ್ಪಿದರೆ ಯಾರಿಗೂ ತಟ್ಟದ ಹಾಗೆ ವಾಪಸ್ ತರಲು ಆಗುತ್ತದಾ? ಬಿಲ್ಡ್, ಟೆಸ್ಟ್, ಪ್ರಯೋಗದ ಸರ್ವರ್‌ಗೆ ಹಾಕುವುದು, ಇವೆಲ್ಲ ಮೊದಲಿನಂತೆ ತಾವೇ ನಡೆಯುತ್ತವೆ. ಅಂಗಡಿಗಳ ಸರ್ವರ್‌ಗೆ ಹಾಕುವುದು ಮತ್ತು ಡೇಟಾಬೇಸ್‌ನ ಕಾಲಂ ಅದರೊಳಗಿನ ಮಾಹಿತಿ ಸಮೇತ ತೆಗೆದುಹಾಕುವುದು, ಇವೆರಡನ್ನು ಮಾತ್ರ ತಾವೇ ನಡೆಯದಂತೆ ನಿಲ್ಲಿಸಿದೆವು. ಪೈಪ್‌ಲೈನ್ ಫೈಲ್‌ನಲ್ಲಿ ಆ ಎರಡು ಕೆಲಸಗಳಿಗೆ 'ವೆನ್: ಮ್ಯಾನುಯಲ್' ಅಂತ ಒಂದೊಂದು ಸಾಲು ಸೇರಿಸಿದೆವು, ಅಷ್ಟೇ. ನಮ್ಮಲ್ಲಿ ಒಬ್ಬರು ಬಟನ್ ಒತ್ತಿದರೆ ಮಾತ್ರ ಅವು ನಡೆಯುತ್ತವೆ.

ಆದರೆ ಬಟನ್ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೊದಲ ತಿಂಗಳು ನಾವೆಲ್ಲ ಏನೂ ನೋಡದೇ ಒತ್ತುತ್ತಿದ್ದೆವು. ನೋಡಲು ಎದುರಿಗೆ ಏನೂ ಇರಲಿಲ್ಲ ಅಲ್ವಾ? ಈಗ ಹಿಂದಿನ ವ್ಯಾಪಾರದ ದಿನದ ಎಲ್ಲ ಪಟ್ಟಿಗಳನ್ನು ಹಳೆಯ ಮತ್ತು ಹೊಸ ಎರಡೂ ವರ್ಷನ್‌ಗಳಲ್ಲಿ ಲೆಕ್ಕ ಹಾಕಿಸುತ್ತೇವೆ. ಹೋಲಿಸುವ ಕೆಲಸ ಯಂತ್ರದ್ದು. ಒಂದು ಪೈಸೆ ಬೇರೆ ಬಂದರೂ ಆ ಪಟ್ಟಿ ಮಾತ್ರ ತೆರೆಯ ಮೇಲೆ ಬರುತ್ತದೆ. ಯಾಕೆ ಬೇರೆ ಬಂತು ಅಂತ ಒಬ್ಬರು ಕಾರಣ ಬರೆದ ಮೇಲೇ ಬಟನ್ ತೆರೆಯುತ್ತದೆ. ಅದೂ ಶುಕ್ರವಾರ ಬೆಳಿಗ್ಗೆ ಮಾತ್ರ, ಗುರುವಾರದ ವ್ಯಾಪಾರ ಮುಗಿದ ಮೇಲೆ. ಸೋಮವಾರದವರೆಗೆ ನಮಗೆ ಮೂರು ದಿನ ಸಿಗುತ್ತದೆ.

ಬ್ಯಾಕಪ್ ನಿಜವಾಗಿ ವಾಪಸ್ ಬರುತ್ತದೋ ಇಲ್ಲವೋ ಅಂತ ನೋಡುವುದು ಇನ್ನೂ ಕೈಯಿಂದಲೇ ನಡೆಯುತ್ತಿದೆ. ಈ ಸೀಸನ್ ಮುಗಿದ ಕೂಡಲೇ ಅದನ್ನು ಪೂರ್ತಿ ಯಂತ್ರಕ್ಕೆ ಕೊಡುತ್ತಿದ್ದೇವೆ.