ಪೈಲಟ್ ಪರೀಕ್ಷೆಗೆ ಏನು ಹಾಕಿಕೊಂಡು ಹೋಗಬೇಕು? ಮೊದಲು ಹೊಸ ಶೂ ಪಕ್ಕಕ್ಕಿಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಪೈಲಟ್ ಆಗಬೇಕು ಅಂತ ಹೊರಡುವ ಮಕ್ಕಳು ಬೆಂಗಳೂರಿನ ಜಕ್ಕೂರಿನ ಹಾರಾಟ ಶಾಲೆಗೆ ಹೋಗುತ್ತಾರೆ, ಇಲ್ಲ ಕಲಬುರಗಿ, ಬೆಳಗಾವಿ ಅಂತ ಹೋಗುತ್ತಾರೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಸಿಗಬೇಕಾದರೆ 200 ಗಂಟೆ ಹಾರಾಟ ಮುಗಿಸಬೇಕು. ಅದರಲ್ಲಿ 100 ಗಂಟೆ ತಾವೇ ಕಮಾಂಡ್‌ನಲ್ಲಿರಬೇಕು, ಅಂದರೆ ವಿಮಾನದ ಪೂರ್ತಿ ಹೊಣೆ ತಮ್ಮದೇ ಆಗಿರಬೇಕು. ರಾತ್ರಿ ಹಾರಾಟ, 300 ನಾಟಿಕಲ್ ಮೈಲಿಯ ದೂರದ ಹಾರಾಟ, ಎಲ್ಲವನ್ನೂ ಲಾಗ್‌ಬುಕ್‌ಗೆ ತುಂಬಿಸಿಕೊಂಡು ಕೊನೆಗೆ ಎಗ್ಸಾಮಿನರ್ ಮುಂದೆ ಹಾರಿಸಿ ತೋರಿಸುವ ಸ್ಕಿಲ್ ಟೆಸ್ಟ್‌ನ ದಿನ ಹತ್ತಿರ ಬರುತ್ತಿದ್ದಂತೆ ಮನೆಯಲ್ಲೂ ಹಾಸ್ಟೆಲ್‌ನಲ್ಲೂ ಒಂದೇ ಪ್ರಶ್ನೆ: ಆವತ್ತು ಏನು ಹಾಕಿಕೊಳ್ಳಲಿ?

ಬಟ್ಟೆಗೆ ಅಂತ ಬೇರೆ ಅಂಕ ಇಲ್ಲ. ಆದರೆ ಕತ್ತು ಹಿಡಿಯುವ ಕಾಲರ್, ಕಾಲು ಜಾರುವ ಶೂ, ಕಿವಿ ಒತ್ತುವ ಕನ್ನಡಕ ಇವೆಲ್ಲ ನಿಮ್ಮ ಹಾರಾಟದಲ್ಲಿ ಕಾಣಿಸುತ್ತವೆ, ಹಾರಾಟಕ್ಕೆ ಅಂಕ ಇದೆ. ಅದಕ್ಕೇ ನಾನು ಹೇಳುವುದು ಇಷ್ಟೇ. ಪರೀಕ್ಷೆಯ ದಿನ ನಿಮ್ಮ ಮೈಮೇಲಿರುವ ಪ್ರತಿಯೊಂದೂ ಅದಕ್ಕೆ ಮೊದಲೇ ನಿಮ್ಮ ಜೊತೆ ಆಕಾಶಕ್ಕೆ ಹೋಗಿ ಬಂದಿರಬೇಕು.

ನಮ್ಮ ಮನೆಗಳಲ್ಲಿ ಇದು ಸ್ವಲ್ಪ ಕಷ್ಟ. ದೊಡ್ಡ ದಿನ ಅಂದರೆ ಹೊಸ ಬಟ್ಟೆ ಆಗಲೇಬೇಕು, ಅಮ್ಮ ಅದರ ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟು ಕೊಡಬೇಕು. ಕೊಡಲಿ, ಬೇಡ ಅನ್ನಬೇಡಿ. ಒಂದು ತಿಂಗಳು ಮೊದಲೇ ಕೊಡಿ ಅಂತ ಕೇಳಿ. ಆ ಬಟ್ಟೆ, ಆ ಶೂ ಹಾಕಿಕೊಂಡು ನಾಲ್ಕಾರು ಸಲ ಹಾರಿ. ಪರೀಕ್ಷೆ ಹೊತ್ತಿಗೆ ಅವು ನಿಮ್ಮವಾಗಿರುತ್ತವೆ.

ಮೊದಲು ಶಾಲೆಯ ನಿಯಮ ಕೇಳಿ

ಬಹಳಷ್ಟು ತರಬೇತಿ ಶಾಲೆಗಳಲ್ಲಿ ಯೂನಿಫಾರ್ಮ್ ಇರುತ್ತದೆ. ಬಿಳಿ ಶರ್ಟ್, ಕಪ್ಪು ಪ್ಯಾಂಟ್, ಕಪ್ಪು ಶೂ, ಹೆಗಲ ಮೇಲೆ ಪಟ್ಟಿ. ಹಾಗಿದ್ದರೆ ಪರೀಕ್ಷೆಗೂ ಅದೇ, ಯೋಚನೆ ಬೇಡ. ಹೆಗಲ ಪಟ್ಟಿಯಲ್ಲಿ ಶಾಲೆ ನಿಮಗೆ ಕೊಟ್ಟಿರುವಷ್ಟೇ ಗೆರೆ ಇರಲಿ, ಲೈಸೆನ್ಸ್ ಹೇಗೂ ಬರುತ್ತೆ ಅಂತ ಒಂದು ಜಾಸ್ತಿ ಹಾಕಿಕೊಳ್ಳಬೇಡಿ. ಯೂನಿಫಾರ್ಮ್ ಇಲ್ಲದ ಕಡೆ ತಿಳಿ ಬಣ್ಣದ ಕಾಲರ್ ಶರ್ಟ್, ಗಾಢ ಬಣ್ಣದ ಪ್ಯಾಂಟ್ ಸಾಕು. ಕೋಟು, ಟೈ ಯಾರೂ ಕೇಳುವುದಿಲ್ಲ. ಏಪ್ರನ್ ಮೇಲೆ, ಅಂದರೆ ವಿಮಾನಗಳು ನಿಲ್ಲುವ ಜಾಗದಲ್ಲಿ ನಡೆಯುವಾಗ ಹೊಳೆಯುವ ಜಾಕೆಟ್ ಹಾಕಬೇಕು ಅನ್ನುವ ನಿಯಮ ಇದ್ದರೆ ಅದನ್ನೂ ಚೀಲದಲ್ಲಿಡಿ.

ಶೂ: ಇಲ್ಲಿ ಸಮಯ ಕೊಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಶೂ. ಸೆಸ್ನಾ 152 ಅಥವಾ 172ರಲ್ಲಿ ಕೂತು ಕಾಲ ಕೆಳಗೆ ನೋಡಿ. ಒಂದೇ ಪೆಡಲ್‌ಗೆ ಎರಡು ಕೆಲಸ. ಕೆಳಭಾಗ ಒತ್ತಿದರೆ ವಿಮಾನದ ಮೂತಿಯನ್ನು ಎಡ ಬಲ ತಿರುಗಿಸುವ ರಡರ್, ಮೇಲ್ಭಾಗ ಒತ್ತಿದರೆ ಬ್ರೇಕ್. ಟೇಕಾಫ್ ಓಟದಲ್ಲಿ ಹಿಮ್ಮಡಿ ನೆಲದ ಮೇಲಿದ್ದು ಬೆರಳ ಬುಡದಿಂದ ಕೆಳಭಾಗವನ್ನಷ್ಟೇ ಒತ್ತಬೇಕು. ದಪ್ಪ ಅಟ್ಟೆಯ ಸ್ಪೋರ್ಟ್ಸ್ ಶೂ ಹಾಕಿದರೆ ಪಾದ ಮೇಲೆ ಸರಿದು, ನಿಮಗೇ ಗೊತ್ತಾಗದಂತೆ ಬ್ರೇಕ್ ಸವರುತ್ತಿರುತ್ತದೆ. ವಿಮಾನ ಒಂದು ಕಡೆ ಎಳೆಯುತ್ತದೆ, ನೀವು ಗಾಳಿ ಅಂದುಕೊಂಡು ಇನ್ನೊಂದು ಕಡೆ ತುಳಿಯುತ್ತೀರಿ.

ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ಸ್ಥಿತಿ, ಮಾಡಿಸುವಾಗಲೂ ಅಷ್ಟೇ. ಒಂದು ರೆಕ್ಕೆ ಬೀಳುವುದಕ್ಕೆ ಶುರುವಾದ ಕ್ಷಣವೇ ಕಾಲು ಅದನ್ನು ಹಿಡಿಯಬೇಕು. ಪೆಡಲ್ ಮೇಲೆ ಎಷ್ಟು ಭಾರ ಬಿದ್ದಿದೆ ಅನ್ನುವುದು ಪಾದಕ್ಕೆ ತಿಳಿಯಬೇಕಾದರೆ ಅಟ್ಟೆ ತೆಳ್ಳಗಿರಬೇಕು, ಚಪ್ಪಟೆ ಇರಬೇಕು, ಮೂತಿ ಅಗಲ ಇರಬಾರದು. ಹಿಮ್ಮಡಿ ಎತ್ತರದ್ದು ಬೇಡ. ನುಣುಪಾದ ಚರ್ಮದ ಅಟ್ಟೆಯೂ ಬೇಡ, ಬೆಳಗಿನ ಇಬ್ಬನಿಯಲ್ಲಿ ಒದ್ದೆಯಾದರೆ ಜಾರುತ್ತದೆ. ತೆಳು ರಬ್ಬರ್ ಅಟ್ಟೆಯ ಸಾದಾ ಕಪ್ಪು ಶೂ ಒಳ್ಳೆಯದು. ಲೇಸ್ ಕಟ್ಟಿದ ಮೇಲೆ ತುದಿಗಳನ್ನು ಒಳಗೆ ಸಿಕ್ಕಿಸಿ. ಉದ್ದ ಬಿಟ್ಟ ಲೇಸ್ ಪೆಡಲ್‌ಗೆ ಸುತ್ತಿಕೊಂಡರೆ ಬಗ್ಗಿ ಬಿಡಿಸಿಕೊಳ್ಳುವುದಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ನಮ್ಮ ಕಡೆ ನವೆಂಬರ್‌ನಿಂದ ಜನವರಿವರೆಗೆ ಅಯ್ಯಪ್ಪ ಮಾಲೆ ಹಾಕುವವರು ಬಹಳ. ಬರಿಗಾಲು, ಕಪ್ಪು ಬಟ್ಟೆ ವ್ರತದ ಭಾಗ. ವ್ರತವೂ ದೊಡ್ಡದು, ಪರೀಕ್ಷೆಯೂ ದೊಡ್ಡದು. ಬರಿಗಾಲಲ್ಲಿ ಪೆಡಲ್ ತುಳಿಯುವ ಅಭ್ಯಾಸ ನಿಮಗಿರುವುದಿಲ್ಲ, ಆದ್ದರಿಂದ ದಿನ ಗೊತ್ತು ಮಾಡುವ ಮೊದಲೇ ಶಾಲೆಯ ಜೊತೆ ಮಾತಾಡಿ. ಮಾಲೆ ಇಳಿಸಿದ ಮೇಲಿನ ದಿನ ಸಿಕ್ಕರೆ ಎರಡಕ್ಕೂ ಒಳ್ಳೆಯದು.

ಪ್ಯಾಂಟ್, ಶರ್ಟ್: ಟೈಲರ್ ಮುಂದೆ ಕೂತು ನೋಡಿ

ಬಳ್ಳಾರಿಯವರಿಗೆ ಬಟ್ಟೆಯ ವಿಷಯ ಹೇಳಿಕೊಡಬೇಕಾಗಿಲ್ಲ, ಜೀನ್ಸ್ ಹೊಲಿದು ದೇಶಕ್ಕೆಲ್ಲ ಕಳಿಸುವ ಊರು ನಮ್ಮದು. ಹಾಗಾದರೆ ಜೀನ್ಸ್ ಹಾಕಿಕೊಂಡೇ ಹೋಗಬಹುದಾ ಅಂತ ಕೇಳಬಹುದು. ನೂಲು ಹತ್ತಿಯದೇ, ಆ ಮಟ್ಟಿಗೆ ಒಳ್ಳೆಯದು. ಆದರೆ ದಪ್ಪ ಹೊಲಿಗೆಯ ಗಟ್ಟಿ ಜೀನ್ಸ್ ಒಂದೂವರೆ ಗಂಟೆ ಬೆಲ್ಟ್ ಬಿಗಿದು ಕೂತಾಗ ತೊಡೆ ಸಂದಿಯಲ್ಲಿ ಕತ್ತರಿಸುತ್ತದೆ. ಪರೀಕ್ಷೆಗೆ ಜೀನ್ಸ್ ಬೇಡ ಅನ್ನುವ ಶಾಲೆಗಳೇ ಜಾಸ್ತಿ.

ಹತ್ತಿ ಯಾಕೆ ಅಂದರೆ, ಬೆಂಕಿ ತಗುಲಿದರೆ ಪಾಲಿಯೆಸ್ಟರ್, ನೈಲಾನ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿ ಉರಿಯುತ್ತದೆ, ಆದರೆ ಕರಗುವುದಿಲ್ಲ. ಹಾಗೆ ಆಗುವುದು ತೀರಾ ಅಪರೂಪ, ಆದರೂ ಮುಂದೆ ಇದೇ ಕೆಲಸ ಮಾಡುವವರು ಈಗಿನಿಂದಲೇ ರೂಢಿ ಮಾಡಿಕೊಳ್ಳಲಿ. ಪೂರ್ತಿ ಹತ್ತಿ ಸಿಗದಿದ್ದರೆ ಹತ್ತಿ ಜಾಸ್ತಿ ಇರುವ ಮಿಶ್ರ ಬಟ್ಟೆ ತೆಗೆದುಕೊಳ್ಳಿ. ಒಳಗೆ ಹತ್ತಿ ಬನಿಯನ್ ಇರಲೇಬೇಕು. ಈ ಚಿಕ್ಕ ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾಗಿ ಎಸಿ ಇರುವುದಿಲ್ಲ. ಏಪ್ರಿಲ್‌ನಲ್ಲಿ 40 ಡಿಗ್ರಿ ಬಿಸಿಲಿಗೆ ರನ್‌ವೇ ಪಕ್ಕ ಸರದಿ ಕಾಯುತ್ತಾ ನಿಂತರೆ ಬೆನ್ನು ಸೀಟಿಗೆ ಅಂಟುತ್ತದೆ. ಮೇಲೇರಿದ ಮೇಲೆ ಪರವಾಗಿಲ್ಲ, ಪ್ರತಿ 1000 ಅಡಿಗೆ ಸುಮಾರು 2 ಡಿಗ್ರಿ ತಂಪು.

ಕೌಲ್ ಬಜಾರ್‌ನಲ್ಲಿ ಹೊಲಿಸಿದರೂ ಸರಿ, ರೆಡಿಮೇಡ್ ತಂದರೂ ಸರಿ, ನಿಂತು ಕನ್ನಡಿ ನೋಡಿ ಬರಬೇಡಿ. ಅಂಗಡಿಯಲ್ಲೇ ಒಂದು ಸ್ಟೂಲ್ ಕೇಳಿ ಕೂತುಕೊಳ್ಳಿ. ಮಂಡಿ ಎತ್ತಿ ಎರಡೂ ಕಾಲು ಮುಂದೆ ಚಾಚಿ. ಸೊಂಟ ಹಿಡಿಯುತ್ತಾ? ಪ್ಯಾಂಟಿನ ತುದಿ ಹಿಮ್ಮಡಿ ಕೆಳಗೆ ಸಿಗುತ್ತಾ? ಆಮೇಲೆ ಮೇಲಿನ ಗುಂಡಿ ಹಾಕಿಕೊಂಡು ಎಡ ಹೆಗಲ ಹಿಂದಕ್ಕೆ, ಬಲ ಹೆಗಲ ಹಿಂದಕ್ಕೆ ತಿರುಗಿ ನೋಡಿ. ತಿರುವು ತೆಗೆದುಕೊಳ್ಳುವ ಮೊದಲು ನೀವು ಹೊರಗೆ ನೋಡಿದಿರಾ ಇಲ್ಲವಾ ಅಂತ ಎಗ್ಸಾಮಿನರ್ ಗಮನಿಸುತ್ತಲೇ ಇರುತ್ತಾರೆ, ಕಾಲರ್ ಬಿಗಿ ಇದ್ದರೆ ಕತ್ತು ಅರ್ಧಕ್ಕೇ ನಿಲ್ಲುತ್ತದೆ. ಬಿಗಿ ಇದ್ದರೆ ಅಲ್ಲೇ ಅರ್ಧ ಇಂಚು ಬಿಡಿಸಿಕೊಳ್ಳಿ.

ಜೇಬು ಖಾಲಿ ಮಾಡಿ

ಹಿಂದಿನ ಜೇಬಿನಲ್ಲಿ ಪರ್ಸ್, ಫೋನ್ ಬೇಡ. ಶರ್ಟ್ ಜೇಬಿನಲ್ಲಿ ಕ್ಲಿಪ್ ಇರುವ ಒಂದು ಪೆನ್ ಸಾಕು, ಇನ್ನೊಂದು ನೀಬೋರ್ಡ್‌ನಲ್ಲಿ, ಅಂದರೆ ತೊಡೆಗೆ ಕಟ್ಟಿಕೊಂಡು ಬರೆಯುವ ಹಲಗೆಯಲ್ಲಿರಲಿ. ಚಿಲ್ಲರೆ ನಾಣ್ಯ, ಬೈಕ್ ಕೀ ಎಲ್ಲ ಲಾಕರ್‌ಗೆ. ಕೆಳಗೆ ಬಿದ್ದ ವಸ್ತು ಉರುಳಿ ಪೆಡಲ್ ಹಿಂದೆ ಸೇರಿದರೆ ಕಂಟ್ರೋಲ್ ಸಿಕ್ಕಿಹಾಕಿಕೊಳ್ಳಬಹುದು. ಇದು ಸುಮ್ನೆ ಹೆದರಿಸುವ ಮಾತಲ್ಲ.

ಈ ನೀಬೋರ್ಡ್ ಕೂಡ ಉಡುಪಿನ ಲೆಕ್ಕವೇ. ಅದನ್ನು ಕಟ್ಟಿಕೊಂಡ ಮೇಲೆಯೇ ಕಂಟ್ರೋಲ್‌ಗಳನ್ನು ಪೂರ್ತಿ ಎಡ, ಪೂರ್ತಿ ಬಲ, ಪೂರ್ತಿ ಹಿಂದಕ್ಕೆ ಎಳೆದು ನೋಡಿ. ಡೈಮಂಡ್ ಡಿಎ40 ತರಹ ಕಾಲ ಮಧ್ಯೆ ಸ್ಟಿಕ್ ಇರುವ ವಿಮಾನದಲ್ಲಿ ದೊಡ್ಡ ನೀಬೋರ್ಡ್ ಸ್ಟಿಕ್‌ಗೆ ತಾಗುತ್ತದೆ, ಅಂಥ ಕಡೆ ಚಿಕ್ಕದು ತೆಗೆದುಕೊಳ್ಳಿ.

ಕನ್ನಡಕ, ಹೆಡ್‌ಸೆಟ್, ಕೂದಲು

ವೈದ್ಯಕೀಯ ತಪಾಸಣೆಯ ಪತ್ರದಲ್ಲಿ ಕನ್ನಡಕ ಹಾಕಲೇಬೇಕು ಅಂತ ಬರೆದಿದ್ದರೆ ಇನ್ನೊಂದು ಜೊತೆಯೂ ಕೈಗೆ ಸಿಗುವ ಹಾಗೆ ಇರಬೇಕು, ಚೀಲದ ತಳದಲ್ಲಲ್ಲ. ಕನ್ನಡಕದ ಕಡ್ಡಿ ತೆಳ್ಳಗಿರಲಿ. ದಪ್ಪ ಕಡ್ಡಿಯ ಮೇಲೆ ಹೆಡ್‌ಸೆಟ್ ಕೂತರೆ ಸಂದಿಯಿಂದ ಎಂಜಿನ್ ಸದ್ದು ಒಳಗೆ ಬರುತ್ತದೆ, ಟವರ್‌ನವರ ಮಾತು ಕೇಳುವುದಿಲ್ಲ, ಅರ್ಧ ಗಂಟೆಗೆ ಕಿವಿ ಮೇಲೆ ನೋವು ಶುರು. ಮೀಟರ್‌ಗಳನ್ನಷ್ಟೇ ನೋಡಿ ಹಾರಿಸುವ ಇನ್‌ಸ್ಟ್ರುಮೆಂಟ್ ಭಾಗಕ್ಕೆ ಹೊರಗಿನ ನೋಟ ಮರೆಮಾಡುವ ಹುಡ್ ಹಾಕಿಸುತ್ತಾರೆ. ಅದು ನಿಮ್ಮ ಕನ್ನಡಕದ ಮೇಲೆ ಸರಿಯಾಗಿ ಕೂರುತ್ತಾ ಅಂತ ಮೊದಲೇ ನೋಡಿಕೊಳ್ಳಿ.

ತಂಪು ಕನ್ನಡಕ ಬೇಕು, ಆದರೆ ಪೋಲರೈಸ್ಡ್ ಬೇಡ. ರಸ್ತೆಯಲ್ಲಿ ಅದು ಹಿತವಾಗಿರಬಹುದು. ವಿಮಾನದಲ್ಲಿ ತಲೆ ವಾಲಿಸಿದರೆ ಪರದೆಗಳು ಕಪ್ಪಾಗುತ್ತವೆ, ಗಾಜಿನ ಮೇಲೆ ಬಣ್ಣಬಣ್ಣದ ಪಟ್ಟೆ ಕಾಣುತ್ತದೆ, ದೂರದ ಇನ್ನೊಂದು ವಿಮಾನದ ಮಿಂಚೂ ಕಾಣದೆ ಹೋಗಬಹುದು. ಅಂಗಡಿಯವರು ಏನೇ ಹೇಳಲಿ, ಕನ್ನಡಕದ ಮೂಲಕ ನಿಮ್ಮ ಫೋನ್ ಪರದೆ ನೋಡುತ್ತಾ ಕನ್ನಡಕವನ್ನು ನಿಧಾನವಾಗಿ ತಿರುಗಿಸಿ. ಪರದೆ ಕಪ್ಪಾಯಿತು ಅಂದರೆ ಅದು ಪೋಲರೈಸ್ಡ್, ವಾಪಸ್ ಕೊಡಿ. ಬಿಸಿಲಿಗೆ ತಾನಾಗಿ ಕಪ್ಪಾಗುವ ಗಾಜನ್ನೂ ನಂಬಬೇಡಿ, ಕಾಕ್‌ಪಿಟ್ ಗಾಜು ಅತಿನೇರಳೆ ಕಿರಣ ತಡೆಯುವುದರಿಂದ ಅದು ಒಳಗೆ ಸರಿಯಾಗಿ ಕಪ್ಪಾಗುವುದಿಲ್ಲ. ಬೂದು ಬಣ್ಣದ ಸಾದಾ ಗಾಜು ಸಾಕು.

ಟೋಪಿ ಹಾಕುವ ಅಭ್ಯಾಸ ಇದ್ದರೆ ನೆತ್ತಿಯ ಗುಂಡಿ ಇಲ್ಲದ್ದು ನೋಡಿ, ಹೆಡ್‌ಸೆಟ್ ಪಟ್ಟಿ ಅದನ್ನು ತಲೆಗೆ ಒತ್ತುತ್ತದೆ. ಹುಡುಗಿಯರು ಜಡೆಯನ್ನು ಕತ್ತಿನ ಹತ್ತಿರ ಕೆಳಗೆ ಕಟ್ಟಿಕೊಳ್ಳಿ, ನೆತ್ತಿ ಮೇಲೆ ತುರುಬು ಬೇಡ. ಜುಮಕಿ ಬಿಚ್ಚಿಡಿ, ಚಿಕ್ಕ ಓಲೆ ನಡೆಯುತ್ತದೆ. ಸರ, ತಾಳಿ ಶರ್ಟ್ ಒಳಗಿರಲಿ. ಗಂಡು ಮಕ್ಕಳು ಕಡಗ, ಉಂಗುರ ಬಿಚ್ಚಿಡಿ. ಸೆಸ್ನಾದ ರೆಕ್ಕೆ ಮೇಲಿನ ಟ್ಯಾಂಕ್ ನೋಡಲು ಹತ್ತಿ ಇಳಿಯುವಾಗ ಉಂಗುರ ಸಿಕ್ಕಿಕೊಂಡರೆ ಬೆರಳಿಗೆ ಅಪಾಯ. ಕೈಗೆ ಕಟ್ಟಿದ ದೇವರ ದಾರ ಇರಲಿ, ಜೋತಾಡುವ ತುದಿಯನ್ನಷ್ಟೇ ಒಳಗೆ ಸೇರಿಸಿ. ಕೈಗಡಿಯಾರ ಬೇಕೇ ಬೇಕು, ಸೆಕೆಂಡ್ ಮುಳ್ಳು ಎದ್ದು ಕಾಣುವಂಥದ್ದು.

ಸೆಂಟ್ ಘಮಘಮ ಬೇಡ. ಮುಚ್ಚಿದ ಕಾಕ್‌ಪಿಟ್‌ನಲ್ಲಿ ಪೆಟ್ರೋಲ್ ವಾಸನೆ, ಸುಟ್ಟ ವೈರಿನ ವಾಸನೆ ಮೂಗಿಗೆ ಮೊದಲು ಸಿಗಬೇಕು. ಆಲ್ಕೋಹಾಲ್ ಇರುವ ಮೌತ್‌ವಾಶ್ ಅಂತೂ ಬೇಡವೇ ಬೇಡ, ಹಾರುವ ಮೊದಲು ಉಸಿರಿನ ತಪಾಸಣೆ ಇರುತ್ತದೆ.

ಹಿಂದಿನ ರಾತ್ರಿ, ಆ ಬೆಳಿಗ್ಗೆ

ಊರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬರುವವರು ಇಸ್ತ್ರಿ ಮಾಡಿದ ಶರ್ಟ್ ಮಡಿಸಿ ತಂದರೆ ಬೆಳಿಗ್ಗೆ ಅದು ನೋಡುವ ಹಾಗಿರುವುದಿಲ್ಲ. ಒಂದು ದಿನ ಮೊದಲೇ ಬಂದು ಅಲ್ಲೇ ಇಸ್ತ್ರಿ ಮಾಡಿಸಿ. ಡಿಸೆಂಬರ್, ಜನವರಿಯಾದರೆ ತೆಳು ಜಾಕೆಟ್ ತನ್ನಿ. ಜಕ್ಕೂರಿನ ಬೆಳಗಿನ ಚಳಿ ಬಳ್ಳಾರಿಯವರಿಗೆ ನಿಜಕ್ಕೂ ಜಾಸ್ತಿ. ಬೆನ್ನಿಗೆ ಟೋಪಿ ನೇತಾಡುವ ಸ್ವೆಟ್‌ಶರ್ಟ್ ಬೇಡ, ಭುಜದ ಬೆಲ್ಟ್ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಜಾಕೆಟ್ ತೆಗೆಯುವುದಿದ್ದರೆ ಬೆಲ್ಟ್ ಹಾಕುವ ಮೊದಲೇ ತೆಗೆಯಿರಿ.

ವಾಕ್ ಅರೌಂಡ್, ಅಂದರೆ ಹಾರುವ ಮೊದಲು ವಿಮಾನದ ಸುತ್ತ ನಡೆದು ಪರೀಕ್ಷಿಸುವುದು, ಮಾಡುವಾಗ ತೋಳು ಎರಡು ಮಡಿಕೆ ಮಡಿಸಿಕೊಳ್ಳಿ. ಟ್ಯಾಂಕಿನಿಂದ ಇಂಧನದ ಸ್ಯಾಂಪಲ್ ತೆಗೆಯುವಾಗ ನೀಲಿ ಬಣ್ಣದ ಎವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಬೆರಳಿಂದ ಮೊಣಕೈವರೆಗೆ ಹರಿಯುವುದುಂಟು, ಆಯಿಲ್ ಡಿಪ್‌ಸ್ಟಿಕ್ ಎಳೆದಾಗ ಒಂದು ಹನಿ ಬಿಳಿ ಶರ್ಟಿಗೇ ಬೀಳುತ್ತದೆ. ಹಳೇ ಬಟ್ಟೆಯ ತುಂಡು ಕೈಯಲ್ಲಿರಲಿ. ಕಲೆಯಾದರೆ ಗಾಬರಿ ಬೇಡ, ವಿಮಾನವನ್ನು ಕೈಯಿಂದಲೇ ಮುಟ್ಟಿ ನೋಡಿದ್ದೀರಿ ಅಂತ ಅದು ಹೇಳುತ್ತದೆ. ಒಂದು ಕರ್ಚೀಫು ಎಡ ಜೇಬಿನಲ್ಲಿರಲಿ. ನೀರು ಸಾಕಷ್ಟು ಕುಡಿಯಿರಿ, ಹತ್ತುವ ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ.

ರಾತ್ರಿ ಪರೀಕ್ಷೆಗೂ ಇದೇ ಉಡುಪು. ಜೊತೆಗೆ ಎರಡು ಟಾರ್ಚ್, ಒಂದನ್ನು ಕೊರಳಿಗೆ ಗಿಡ್ಡ ದಾರದಲ್ಲಿ ಕಟ್ಟಿ ಶರ್ಟ್ ಒಳಗಿಡಿ. ತಂಪು ಕನ್ನಡಕ ಕೆಳಗೇ ಬಿಟ್ಟು ಹೋಗಿ.

ಇನ್ನೊಂದು, ಎಲ್ಲವೂ ಒಂದೇ ದಿನ ಮುಗಿಯುತ್ತದೆ ಅಂದುಕೊಳ್ಳಬೇಡಿ. ಹಗಲಿನದು, ರಾತ್ರಿಯದು, ದೂರದ ಹಾರಾಟದ್ದು ಬೇರೆ ಬೇರೆ, ಮೋಡ ಕವಿದರೆ ಇಲ್ಲ ಮಂಜು ಬಿದ್ದರೆ ನಾಳೆ ಬನ್ನಿ ಅಂತಾರೆ. ಹಾಗಾಗಿ ಎರಡು ಜೊತೆ ಶರ್ಟ್ ಪ್ಯಾಂಟ್, ಮೂರು ಜೊತೆ ಕಾಲುಚೀಲ ತಂದಿರಿ. ಶೂ ಮಾತ್ರ ಅದೇ ಒಂದು ಜೊತೆ.