ಹೆಸರು ಹೇಳದೆ ಹಾಕಿದ ಬಸಂತ್

ಸಂಗೀತದ ಮಟ್ಟಿಗೆ ನಮ್ಮ ಶಿವಮೊಗ್ಗ ಗಡಿ ಊರು. ಆಚೆ ಹಿಂದೂಸ್ತಾನಿಯ ಹುಬ್ಬಳ್ಳಿ-ಧಾರವಾಡ, ಈಚೆ ಕರ್ನಾಟಕ ಸಂಗೀತದ ಮೈಸೂರು-ಬೆಂಗಳೂರು. ಒಬ್ಬರ ಮನೆಯಲ್ಲಿ ಭೀಮಸೇನ ಜೋಶಿ ಹಾಡುತ್ತಿದ್ದರೆ ಎದುರು ಮನೆಯಲ್ಲಿ ಎಂ.ಡಿ. ರಾಮನಾಥನ್. ಇಂಥ ಏಳೆಂಟು ಜನ ಒಂದು ಕಡೆ ಸೇರಿದರೆ ಜಗಳ ಆಗದೆ ಇರುತ್ತದಾ? ಹಳೆಯ ಧ್ವನಿಮುದ್ರಣಗಳನ್ನು ಕೇಳುವ ನಮ್ಮ ಕೂಟದಲ್ಲೂ ಆಗುತ್ತಿತ್ತು. ಆದರೆ ಅದು ಹಾಡಿನ ಜಗಳ ಅಲ್ಲ, ಹೆಸರಿನ ಜಗಳ. ಮಲ್ಲಿಕಾರ್ಜುನ ಮನ್ಸೂರರು ಅಂದ ಕೂಡಲೇ ಒಬ್ಬರು ಕೈ ಮುಗಿಯುತ್ತಿದ್ದರು, ಇನ್ನೊಬ್ಬರು ಗಡಿಯಾರ ನೋಡುತ್ತಿದ್ದರು. ಹಾಡು ಇನ್ನೂ ಶುರುವೇ ಆಗಿರುತ್ತಿರಲಿಲ್ಲ.

ಅದಕ್ಕೇ ನಾನು ಹೆಸರು ಹೇಳುವುದನ್ನು ನಿಲ್ಲಿಸಿದೆ. ಒಂದು ಸಂಜೆಗೆ ಒಂದೇ ರಾಗ, ಅಥವಾ ಒಂದೇ ಕೃತಿ. ಲ್ಯಾಪ್‌ಟಾಪಿನಲ್ಲಿ ಫೈಲುಗಳಿಗೆ ಬರೀ ಅಂಕಿ. ಒಂದು, ಎರಡು, ಮೂರು. ಎಲ್ಲ ಮುಗಿದ ಮೇಲೆ ಮಾತು, ಮಾತು ಮುಗಿದ ಮೇಲೆ ಹೆಸರು. ಆಯ್ಕೆ ಮಾಡಿದವರು ಅವತ್ತು ಬಾಯಿ ಬಿಡುವ ಹಾಗಿಲ್ಲ. ಈ ಕೊನೆಯ ನಿಯಮ ಪಾಲಿಸುವುದೇ ಕಷ್ಟ. ಕಣ್ಣಿನಲ್ಲೇ ಸುಳಿವು ಕೊಡುವವರು ಇದ್ದಾರೆ.

ಇದರಿಂದ ತಮಾಷೆಗಳೂ ಆಗುತ್ತವೆ. ಗಂಗೂಬಾಯಿ ಹಾನಗಲ್ಲರ ಹಾಡು ಹಾಕಿದಾಗ ಹೊಸದಾಗಿ ಬಂದಿದ್ದ ಹುಡುಗನೊಬ್ಬ, ‘ಈ ಪಂಡಿತರು ಯಾವ ಊರಿನವರು?’ ಅಂತ ಕೇಳಿದ. ಅವರ ಆ ಗಡಸು ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದದ್ದು. ಹಳೆಯ 78ರ ಗ್ರಾಮಫೋನ್ ಪ್ಲೇಟುಗಳಲ್ಲಿ ದನಿ ತೆಳು, ಎತ್ತರ. ಎರಡನ್ನೂ ಬೆನ್ನುಬೆನ್ನಿಗೆ ಹಾಕಿದರೆ ಒಬ್ಬರೇ ಹಾಡಿದ್ದು ಅಂತ ಯಾರೂ ನಂಬುವುದಿಲ್ಲ. ಹಾಗಿರುವಾಗ ‘ನನಗೆ ಗಂಗೂಬಾಯಿ ಇಷ್ಟ’ ಅಂದರೆ ಸಾಕಾ? ಯಾವ ಕಾಲದ ಗಂಗೂಬಾಯಿ ಅಂತ ಕೇಳಬೇಕಲ್ವಾ?

ಹೆಸರು ಮುಚ್ಚಿದರೂ ಕೆಲಸ ಮುಗಿಯಲಿಲ್ಲ. ಜೋರಾಗಿ ಕೇಳಿಸಿದ್ದೇ ಎಲ್ಲರಿಗೂ ಚೆನ್ನಾಗಿ ಕಾಣುತ್ತದೆ. ಇದು ಕಿವಿಯ ಸ್ವಭಾವ, ಯಾರ ತಪ್ಪೂ ಅಲ್ಲ. ಆದ್ದರಿಂದ ಮೊದಲೇ ಕೂತು ಎಲ್ಲ ಫೈಲುಗಳ ಸದ್ದನ್ನು ಒಂದು ಮಟ್ಟಕ್ಕೆ ತರುತ್ತೇನೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲೇ ಕರಕರ ಸದ್ದು ತೆಗೆಯುವ ಸೌಲಭ್ಯವೂ ಇದೆ, ಆದರೆ ನಾನು ಅದನ್ನು ಮುಟ್ಟುವುದಿಲ್ಲ. ಕರಕರದ ಜೊತೆಗೆ ತಂಬೂರಿಯೂ ಹೋಗುತ್ತದೆ, ಹಾಡುವವರ ಉಸಿರೂ ಹೋಗುತ್ತದೆ. ಉಳಿದದ್ದು ನೀರಿನೊಳಗಿಂದ ಹಾಡಿದ ಹಾಗಿರುತ್ತದೆ. ಕರಕರ ಉಳಿಸಿಕೊಂಡರೆ ಬೇರೆ ತೊಂದರೆ: ಆ ಸದ್ದು ಕೇಳಿದ ತಕ್ಷಣ ‘ಹಳೇದು’ ಅಂತ ಗೊತ್ತಾಗಿ ಗೌರವ ತಾನಾಗಿ ಬಂದುಬಿಡುತ್ತದೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಇನ್ನು ವೇಗ. ನಿಜವಾದ ತಲೆನೋವು ಇದೇ. 78 ಅಂತ ಕರೆದರೂ ಹಳೆಯ ಪ್ಲೇಟುಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲಿ ಮುದ್ರಣವಾದವಲ್ಲ. ಕ್ಯಾಸೆಟ್ಟಿನ ಕಥೆ ಹೇಳುವುದೇ ಬೇಡ. ಬೆಲ್ಟು ಸಡಿಲವಾದ ಟೇಪ್‌ರೆಕಾರ್ಡರಿನಲ್ಲಿ ತುಂಬಿಸಿದ್ದನ್ನು ಬೇರೆ ಯಂತ್ರದಲ್ಲಿ ಹಾಕಿದರೆ ಶ್ರುತಿಯೇ ಬದಲು. ವೇಗ ನೂರಕ್ಕೆ ಸುಮಾರು 6ರಷ್ಟು ಹೆಚ್ಚಿದರೆ ಸಾಕು, ಶ್ರುತಿ ಅರ್ಧ ಸ್ವರ ಏರುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು ಇದ್ದದ್ದು ಕಪ್ಪು ಒಂದು ಆಗುತ್ತದೆ. ದನಿ ತೆಳುವಾಗುತ್ತದೆ, ತಾನಿಗೆ, ಅಂದರೆ ಸ್ವರಗಳ ಓಟಕ್ಕೆ, ಇಲ್ಲದ ಚುರುಕು ಬರುತ್ತದೆ. ‘ಏನು ತಯಾರಿ ನೋಡಿ!’ ಅಂತ ನಾವು ತಲೆದೂಗುವ ಹೊತ್ತಿಗೆ ಅರ್ಧ ಶಹಭಾಸ್‌ಗಿರಿ ಟೇಪ್‌ರೆಕಾರ್ಡರಿನ ಮೋಟಾರಿಗೆ ಸೇರಬೇಕಾಗಿರುತ್ತದೆ.

ಇದನ್ನು ಪತ್ತೆ ಮಾಡಲು ಹಾರ್ಮೋನಿಯಂ ಸಹಾಯಕ್ಕೆ ಬರುತ್ತದೆ. ಹಾಡುವವರ ಷಡ್ಜ (ಸ) ಎಲ್ಲಿ ಬೇಕಾದರೂ ಇರಬಹುದು, ತಂಬೂರಿಯನ್ನು ಹೇಗೆ ಬೇಕಾದರೂ ಶ್ರುತಿ ಮಾಡಬಹುದು. ಹಾರ್ಮೋನಿಯಂ ಹಾಗಲ್ಲ, ಅದರ ಮನೆಗಳ (ಕೀಲಿಗಳ) ಶ್ರುತಿ ಹೆಚ್ಚುಕಡಿಮೆ ಗಟ್ಟಿ. ಮೊಬೈಲಿನ ತಂಬೂರಿ ಆ್ಯಪ್ ಹಾಕಿಕೊಂಡು ನೋಡುತ್ತೇನೆ. ಪಕ್ಕವಾದ್ಯದ ಹಾರ್ಮೋನಿಯಂ ಎರಡು ಮನೆಗಳ ನಟ್ಟನಡುವೆ ಕೂತಿದ್ದರೆ ವೇಗದ ಮೇಲೆ ಅನುಮಾನ ಪಡುತ್ತೇನೆ. ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ ಮಾಡಿ, ದನಿ ಸಹಜ ಅನ್ನಿಸುವ ಕಡೆ ನಿಲ್ಲಿಸುತ್ತೇನೆ.

ಮಲೆನಾಡಿನವರಿಗೆ ಇದೆಲ್ಲಕ್ಕಿಂತ ಮೊದಲು ಬರುವುದು ಬೂಷ್ಟು. ಮಳೆಗಾಲ ಒಂದು ಕಳೆಯುವುದರೊಳಗೆ ಕ್ಯಾಸೆಟ್ಟಿನ ರೀಲಿನ ಅಂಚಿಗೆ ಬಿಳಿ ಪುಡಿ ಬಂದಿರುತ್ತದೆ. ಅದನ್ನು ಹಾಗೇ ಯಂತ್ರಕ್ಕೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಬಹುದು. ಆದರೆ ಅದೇ ಹತ್ತಿಯನ್ನು ಹಳೆಯ 78ರ ಪ್ಲೇಟಿಗೆ ಮುಟ್ಟಿಸಲೇಬಾರದು. ಅವು ಅರಗಿನವು, ಆಲ್ಕೊಹಾಲಿಗೆ ಕರಗುತ್ತವೆ. ನಾನು ಈಗ ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಬೇಸಿಗೆಯಲ್ಲಿ ಕಂಪ್ಯೂಟರಿಗೆ ಇಳಿಸುವ ಕೆಲಸ, ಮಳೆಗಾಲದಲ್ಲಿ ಕೇಳುವ ಕೆಲಸ.

ಈ ಕ್ಯಾಸೆಟ್ಟುಗಳಲ್ಲಿ ಒಳ್ಳೆಯವು ಬಂದದ್ದು ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಭಟ್ಟರಿಂದ. ಅವರ ಮನೆಯಲ್ಲಿ ರಾತ್ರಿ ಅಡಿಕೆ ಸುಲಿಯುವಾಗ ರೇಡಿಯೊ ಹಾಡುತ್ತಿರಲೇಬೇಕು. 1952ರಲ್ಲಿ ಶುರುವಾದ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಅವರ ಅಪ್ಪನ ಕಾಲದಿಂದ ಕೇಳಿದವರು. ಆಮೇಲೆ ಟೇಪ್‌ರೆಕಾರ್ಡರ್ ಬಂದಾಗ ತುಂಬಿಸಲು ಶುರು ಮಾಡಿದರು. 90 ನಿಮಿಷದ ಕ್ಯಾಸೆಟ್, ಒಂದು ಮಗ್ಗುಲಿಗೆ 45. ಸರಿಯಾಗಿ ದ್ರುತ್ (ಹಾಡಿನ ವೇಗದ ಭಾಗ) ಹತ್ತುವ ಹೊತ್ತಿಗೆ ಮಗ್ಗುಲು ಮುಗಿಯುತ್ತದೆ, ತಿರುಗಿಸುವಷ್ಟರಲ್ಲಿ ತಾಳದ ಕೆಲವು ಆವರ್ತ ಮಾಯ. ಮಧ್ಯೆ ಗುಡುಗಿನ ಕರಕರವೂ ಇದೆ. ಆದರೂ ಎಷ್ಟೋ ಸಲ ಅಚ್ಚುಕಟ್ಟಾದ ಎಲ್ಪಿಗಿಂತ (ಲಾಂಗ್ ಪ್ಲೇ ಪ್ಲೇಟಿಗಿಂತ) ಇವೇ ನಮ್ಮಲ್ಲಿ ಗೆದ್ದಿವೆ. ಕಾರಣ ಕೇಳಿದರೆ ನಾನು ಸಮಯ ಅನ್ನುತ್ತೇನೆ.

ನಮ್ಮ ಜಗಳಗಳಲ್ಲಿ ನನಗೆ ಕೊನೆಗೆ ಅರ್ಥವಾದದ್ದು ಈ ಸಮಯದ ಸಂಗತಿ. 78ರ ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಎಲ್ಪಿಯ ಮಗ್ಗುಲಿಗೆ 20 ನಿಮಿಷದ ಆಚೀಚೆ. ರೇಡಿಯೊದಲ್ಲಿ, ಬೈಠಕ್ಕಿನಲ್ಲಿ (ಸಣ್ಣ ಕಛೇರಿಯಲ್ಲಿ) ಒಂದು ಗಂಟೆ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆ ಹೊತ್ತುಕೊಂಡು ಹೋದ ಕೇಸರಬಾಯಿ ಕೇರ್ಕರರ ಭೈರವಿ ಕೂಡ ಮೂರೂವರೆ ನಿಮಿಷದ್ದೇ. ಮೂರು ನಿಮಿಷ ಸಿಕ್ಕವರು ಒಂದು ರೀತಿ ಹಾಡುತ್ತಾರೆ, ಗಂಟೆ ಸಿಕ್ಕವರು ಇನ್ನೊಂದು ರೀತಿ. ಅದನ್ನು ಮರೆತು ‘ಇವರಿಗೆ ಆಲಾಪ ಬರುವುದಿಲ್ಲ’ ಅನ್ನುವುದು ಅನ್ಯಾಯ.

ಬಸಂತ್ ರಾಗ ಇಟ್ಟುಕೊಂಡ ಸಂಜೆ ಇದು ಚೆನ್ನಾಗಿ ಕಂಡಿತು. ಚೀಜು, ಅಂದರೆ ಹಾಡಿದ ರಚನೆ, ‘ಫಗ್ವಾ ಬ್ರಿಜ ದೇಖನ ಕೋ’. ಒಂದು ಕಡೆ ಅಬ್ದುಲ್ ಕರೀಂ ಖಾನರ 78ರ ಪ್ಲೇಟು, ಇನ್ನೊಂದು ಕಡೆ ಭೀಮಸೇನ ಜೋಶಿ. ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡವರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಗಂಧರ್ವರ ಶಿಷ್ಯರು ಭೀಮಸೇನರು. ಅಂದರೆ ಅಜ್ಜ ಮತ್ತು ಮೊಮ್ಮಗ ಒಂದೇ ಚೀಜನ್ನು ಹಾಡಿದ ಹಾಗೆ. ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಬೇಕಾ?

ಮೊದಲು ಯಾರೋ ಹೇಳಿದರು, ಭೀಮಸೇನರದ್ದೂ ಮೊದಲ ಮೂರೇ ನಿಮಿಷ ಕೇಳೋಣ, ಸಮ ಆಗುತ್ತದೆ ಅಂತ. ನಾನು ಒಪ್ಪಲಿಲ್ಲ. ದೊಡ್ಡ ಹಾಡಿನ ಮೊದಲ ಮೂರು ನಿಮಿಷ ಅಂದರೆ ಬಾಗಿಲು ತೆಗೆಯುವ ಕೆಲಸ ಮಾತ್ರ. ಬದಲಿಗೆ ಒಂದೇ ಅಂಶ ಹಿಡಿದೆವು. ಬಸಂತ್ ಮೇಲಿನ ಷಡ್ಜದ ಸುತ್ತ ಸುಳಿಯುವ ರಾಗ. ಆ ಷಡ್ಜಕ್ಕೆ ಯಾರು ಹೇಗೆ ಹೋಗುತ್ತಾರೆ, ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ, ಹೇಗೆ ಇಳಿಯುತ್ತಾರೆ, ಅಷ್ಟನ್ನೇ ಕೇಳಿ. ಖಾನ್ ಸಾಹೇಬರು ಅಲ್ಲಿ ಕಾಯುವುದೇ ಇಲ್ಲ. ಆ ಸಪೂರ, ಸಿಹಿ ದನಿ ಮೊದಲಿಂದಲೇ ಅಲ್ಲಿ ವಾಸವಾಗಿರುವ ಹಾಗೆ. ಭೀಮಸೇನರು ಅದೇ ಜಾಗಕ್ಕೆ ಎದೆಯೊತ್ತಿ ಏರುತ್ತಾರೆ. ಮುಖಡಾ (ಚೀಜಿನ ಮೊದಲ ಸಾಲು) ಹಿಡಿದು ಸಮ್ಮಿಗೆ (ತಾಳದ ಮೊದಲ ಪೆಟ್ಟಿಗೆ) ಬೀಳುವಾಗ ಕೇಳುವವರ ಕೈ ತಾನಾಗಿ ತೊಡೆ ತಟ್ಟುತ್ತದೆ. ನಮ್ಮಲ್ಲಿ ಮುಕ್ಕಾಲು ಜನ ಭೀಮಸೇನರ ಕಡೆ. ನಾನು ಖಾನ್ ಸಾಹೇಬರ ಕಡೆ, ಈಗಲೂ.

ಕರ್ನಾಟಕ ಸಂಗೀತದಲ್ಲಿ ಹೋಲಿಸುವುದು ಸುಲಭ, ಕೃತಿ ಒಂದೇ ಇರುತ್ತದಲ್ಲ. ಹಿಂದೋಳದ ‘ಸಾಮಜವರಗಮನ’ವನ್ನು ಜಿ.ಎನ್. ಬಾಲಸುಬ್ರಹ್ಮಣ್ಯಂ ಹಾಡಿದ್ದು, ಎಂ.ಡಿ. ರಾಮನಾಥನ್ ಹಾಡಿದ್ದು ಎರಡೂ ಹಾಕಿ ನೋಡಿ. ಒಬ್ಬರದ್ದು ಮಿಂಚಿನ ಬಿರ್ಕಾ (ವೇಗದ ಸ್ವರಗುಚ್ಛ), ಇನ್ನೊಬ್ಬರದ್ದು ತಗ್ಗಿನ ಶ್ರುತಿ, ನಿಧಾನದ ನಡಿಗೆ. ಅದರ ಹಿಂದೆಯೇ ಹಿಂದೂಸ್ತಾನಿಯ ಒಂದು ಮಾಲಕೌಂಸ್ ರಾಗ ಹಾಕಿದರೆ ಎರಡೂ ಪಂಗಡದವರು ಕಿವಿ ನಿಮಿರಿಸುತ್ತಾರೆ, ಸ್ವರಗಳು ಅವೇ ಆದ್ದರಿಂದ.

ಆದರೆ ಎಲ್ಲರನ್ನೂ ನಿಜವಾಗಿ ಕಲಕಿದ್ದು ಮತ್ತೆ ಅಬ್ದುಲ್ ಕರೀಂ ಖಾನರೇ. ಮೈಸೂರು ಅರಮನೆಯಲ್ಲಿ ಹಾಡಿದ್ದ ಅವರು ತ್ಯಾಗರಾಜರ ‘ರಾಮಾ ನೀ ಸಮಾನಮೆವರು’ ಕೃತಿಯನ್ನೂ ಪ್ಲೇಟಿಗೆ ಹಾಡಿದ್ದಾರೆ, ಖರಹರಪ್ರಿಯ ರಾಗ. ಹೆಸರು ಹೇಳದೆ ಅದನ್ನು ಹಾಕಿದೆ. ನಮ್ಮ ಮೃದಂಗದ ಮೇಷ್ಟ್ರು ಹುಬ್ಬು ಗಂಟು ಹಾಕಿ ಕೂತರು. ‘ಸಾಹಿತ್ಯ ನಮ್ಮದು, ನಡೆ ನಮ್ಮದಲ್ಲ. ಯಾರು ಮಾರಾಯ್ರೆ ಇವರು?’ ಅಂದರು. ಹೆಸರು ಹೇಳಿದೆ. ‘ಇನ್ನೊಂದ್ಸಲ ಹಾಕಿ’ ಅಂದರು. ಎರಡನೇ ಸಲ ಕೇಳಿದ ಮೇಲೂ ಅವರಿಗೆ ಅದು ಹಿಡಿಸಲಿಲ್ಲ. ಗಮಕ (ಸ್ವರದ ತೂಗಾಟ) ಎಲ್ಲಿದೆ ಅಂತ ಕೇಳಿದರು. ಭಟ್ಟರು ಮಾತ್ರ, ‘ಗಮಕ ಇರಲಿ ಮೇಷ್ಟ್ರೇ, ಆ ಪಂಚಮ ಕೇಳಿದ್ರಾ?’ ಅಂದರು. ಇಂಥ ಜಗಳ ಆದರೆ ನನಗೆ ಸಂತೋಷ. ಇದರಲ್ಲಿ ಹಾಡು ಇದೆ.

ಮುಂದಿನದ್ದು ಮಾರ್ವಾ ರಾಗ. ಅಲ್ಲಿ ಒಂದು ತೊಡಕಿದೆ. ಗಾಯಕ ಉಸ್ತಾದ್ ಅಮೀರ್ ಖಾನರ ಆ ಪ್ರಸಿದ್ಧ ಎಲ್ಪಿಯನ್ನು ಹಾಕಿದರೆ ಮೊದಲ ಉಸಿರಿಗೇ ಎಲ್ಲರೂ ಗುರುತಿಸಿಬಿಡುತ್ತಾರೆ. ಹೆಸರು ಮುಚ್ಚಿ ಏನು ಪ್ರಯೋಜನ? ಅವರದ್ದೇ ಮಾರ್ವಾ ರೇಡಿಯೊದ್ದೋ ಬೈಠಕ್ಕಿನದ್ದೋ ಸಿಗುತ್ತದಾ ಅಂತ ಭಟ್ಟರ ಡಬ್ಬಿಗಳನ್ನು ಹುಡುಕಬೇಕು. ಅಷ್ಟರೊಳಗೆ ಅವಕ್ಕೆ ಬೂಷ್ಟು ಹಿಡಿಯದಿದ್ದರೆ ಸಾಕು.