ಕುಡಗೋಲಿನ ಗಾಯಕ್ಕೆ ಅಯೋಡಿನ್: ಯಾವಾಗ ಹಚ್ಚಬೇಕು, ಯಾವಾಗ ಬಿಡಬೇಕು

ಮುಧೋಳದ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಕಾಲಿಗೆ ಕುಡಗೋಲು ತಾಗಿಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಹೋದ ವರ್ಷ ನಮ್ಮ ಕಾಕಾ ಹಾಗೆಯೇ ಬದುವಿನ ಮೇಲೆ ಕೂತಿದ್ದರು. ಒಬ್ಬ ತಂಬಾಕು ಮೆತ್ತಲು ಬಂದ, ಇನ್ನೊಬ್ಬ ಟ್ರ್ಯಾಕ್ಟರ್‌ನ ಡೀಸೆಲ್ ತಂದ. "ಏನೂ ಹಚ್ಚಬ್ಯಾಡ್ರಿ, ಮದ್ಲ ನೀರ ಹಾಕ್ರಿ" ಎಂದು ನಾನು ಕೂಗಿಕೊಂಡೆ.

ರಕ್ತ ಸೋರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುವೆ ಎತ್ತಿ ನೋಡುವ ಚಪಲ ಬೇಡ. ರಕ್ತ ನಿಂತ ಮೇಲೆ ಕುಡಿಯುವ ನೀರನ್ನು ಧಾರೆಯಾಗಿ ಸುರಿದು, ಮಣ್ಣು, ರವದಿಯ ಚೂರು ಹೋಗುವ ತನಕ ತೊಳೆಯಿರಿ. ಕಾಲುವೆಯ ನೀರು ಬೇಡ.

ಅಯೋಡಿನ್ ಆಮೇಲೆ. ಕೊಳೆಯ ಮೇಲೆ ಸುರಿದರೆ ಅದು ಕೊಳೆಗೇ ಖರ್ಚಾಗುತ್ತದೆ. ಕಾಕಾನ ಗಾಯದ ಮೇಲಿಟ್ಟ ಅಯೋಡಿನ್ ಅದ್ದಿದ ಹತ್ತಿ ರಸ ಹೀರುತ್ತಿದ್ದಂತೆ ಅದರ ಕಂದು ಬಣ್ಣ ಮಾಸಿ ತಿಳಿಹಳದಿಯಾಯಿತು. ಬಣ್ಣ ಹೋಯಿತೆಂದರೆ ಔಷಧದ ಕಸುವೂ ಹೋದಂತೆ.

ಯಾವ ಬಾಟಲಿ? ಹಳೆಯ ಕಾಲದ ಟಿಂಚರ್ ಅಯೋಡಿನ್ ಬೇಡ. ಅದರಲ್ಲಿರುವ ಸ್ಪಿರಿಟ್‌ಗೆ ಚುರ್ ಎನ್ನುವ ಉರಿಯನ್ನು ನಮ್ಮ ಹಿರಿಯರು ಮರೆತಿಲ್ಲ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕುರ್ತ್ವಾ ಸಮುದ್ರದ ಪಾಚಿಯ ಬೂದಿಯಲ್ಲಿ ಕಂಡ ಅಯೋಡಿನ್, 1955ರಲ್ಲಿ ಅಮೆರಿಕದಲ್ಲಿ ಪೊವಿಡೋನ್ ಎಂಬ ಪಾಲಿಮರ್ ಜೊತೆ ಸೇರಿ ಮೆತ್ತಗಾಯಿತು. ಪೊವಿಡೋನ್ ಅದನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಈ ಪೊವಿಡೋನ್ ಅಯೋಡಿನ್ ಬಾಟಲಿಯನ್ನೇ ತನ್ನಿ. ಶೇ 10ರ ಬಾಟಲಿಯಲ್ಲಿ ಕೆಲಸಕ್ಕೆ ಬರುವ ಅಯೋಡಿನ್ ಶೇ 1 ಮಾತ್ರ. ಗಾಯದ ಸುತ್ತಲಿನ ಚರ್ಮಕ್ಕೆ ತೆಳುವಾಗಿ ಹಚ್ಚಿ, ಒಂದೆರಡು ನಿಮಿಷ ಒಣಗಲು ಬಿಡಿ. ಗಾಯದೊಳಗೆ ಮಣ್ಣು ಹೊಕ್ಕಿದ್ದರೆ ಒಂದು ಸಲ ಅಲ್ಲಿಗೂ ಆಗಬಹುದು.

ದಿನಾ ಹಚ್ಚಬೇಕೆ? ಇಲ್ಲಿಯೇ ಸಂಶೋಧನೆಯ ಜಗಳ. 1985ರಲ್ಲಿ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಶೇ 1ರ ಪೊವಿಡೋನ್ ಅಯೋಡಿನ್, ಗಾಯ ಕೂಡಿಸುವ ಫೈಬ್ರೋಬ್ಲಾಸ್ಟ್ ಜೀವಕೋಶಗಳನ್ನು ಕೊಂದಿತು. ಅದನ್ನು ಸಾವಿರ ಪಟ್ಟು ತೆಳುಮಾಡಿದಾಗ ಜೀವಕೋಶ ಉಳಿದವು, ಬ್ಯಾಕ್ಟೀರಿಯಾ ಸತ್ತವು. ಆದರೆ ತಟ್ಟೆಯೇ ಬೇರೆ, ರಕ್ತ ಹರಿಯುವ ಕಾಲೇ ಬೇರೆ. ಮನುಷ್ಯರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2010ರ ಪರಿಶೀಲನೆಗೆ, ಅಯೋಡಿನ್‌ನಿಂದ ಗಾಯ ತಡವಾಗಿ ಮಾಯುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಹಾಗಾಗಿ ಹೆದರುವುದೂ ಬೇಡ, ಬಳಿಯುತ್ತ ಕೂರುವುದೂ ಬೇಡ. ಗಾಯ ಸ್ವಚ್ಛವಾಗಿದ್ದರೆ ಮೊದಲ ದಿನದ ನಂತರ ಅದರ ಕೆಲಸ ಮುಗಿದಂತೆ ಎಂಬುದು ನನ್ನ ಲೆಕ್ಕ.

"ಗಾಯಕ್ಕ ಗಾಳಿ ತಾಗ್ಲಿ" ಅನ್ನುತ್ತಿದ್ದಳು ನಮ್ಮವ್ವ. ಇದೊಂದರಲ್ಲಿ ಅವ್ವನ ಮಾತು ಮೀರಬೇಕು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕ ಹಂದಿಗಳ ಮೇಲೆ ನೋಡಿದಾಗ, ಮುಚ್ಚಿ ಹಸಿಯಾಗಿಟ್ಟ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತ್ತು. ತೆಳುವಾಗಿ ವ್ಯಾಸಲಿನ್ ಸವರಿ, ಗಾಜ್ ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಬದಲಿಸಿ.

ಇನ್ನು ಕಲೆ. ಅದನ್ನು ಅಳಿಸುವ ಶಕ್ತಿ ಅಯೋಡಿನ್‌ಗಿಲ್ಲ. ಗಾಯದ ಆಳ, ಕೀವು, ಮಾಯಲು ಹಿಡಿದ ದಿನಗಳು ಕಲೆಯನ್ನು ತೀರ್ಮಾನಿಸುತ್ತವೆ; ಕೀವು ತಡೆದಷ್ಟೇ ಅಯೋಡಿನ್‌ನ ಪಾಲು. ಹಕ್ಕಳೆ ಕೀಳಬೇಡಿ. ಮಾಯ್ದ ಮೇಲೆ ಬಿಸಿಲು ಬೀಳದಂತೆ ಮುಚ್ಚಿಕೊಳ್ಳಿ. ಕಲೆ ತಿಳಿಯಾಗಲು ಒಂದು ವರ್ಷವೇ ಬೇಕಾಗಬಹುದು. ಉಬ್ಬುವ ಲಕ್ಷಣವಿದ್ದರೆ ಸಿಲಿಕೋನ್ ಪಟ್ಟಿಯ ಬಗ್ಗೆ ಚರ್ಮದ ಡಾಕ್ಟರನ್ನು ಕೇಳಿ.

ಥೈರಾಯ್ಡ್ ತೊಂದರೆ ಇದ್ದವರು, ಬಸುರಿ, ಬಾಣಂತಿಯರು ಕೇಳದೆ ಹಚ್ಚಬಾರದು, ಹಸುಗೂಸಿಗಂತೂ ಬೇಡ. ಗಾಯ ಬಾಯಿ ಬಿಟ್ಟಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಕೆಂಪು ಹರಡಿ ಜ್ವರ ಬಂದರೆ ದವಾಖಾನೆಗೆ ಹೋಗಿ. ಮಣ್ಣು ತಾಗಿದ ಗಾಯಕ್ಕೆ ಧನುರ್ವಾಯು ತಡೆಯುವ ಇಂಜೆಕ್ಷನ್ ಬೇಕೇ ಎಂದು ಅದೇ ದಿನ ಕೇಳಿಬಿಡಿ.

ಕಾಕಾನ ಗಾಯಕ್ಕೆ ಐದು ಹೊಲಿಗೆ ಬಿದ್ದವು. ಆದರೆ ಕಾಕು ಇನ್ನೂ ಗೊಣಗುವುದು ಬಿಳಿ ಧೋತರದ ಮೇಲಿನ ಕಂದು ಕಲೆಗೆ. ಅದಕ್ಕೆ ಇಂಡಿ ಲಿಂಬೆ ಹಿಂಡಿ ತಿಕ್ಕಿದರಾಯಿತು. ಅದರ ವಿಟಮಿನ್ ಸಿ ಅಯೋಡಿನ್‌ನ ಬಣ್ಣ ಕಳೆಯುತ್ತದೆ. ಧೋತರಕ್ಕೆ ಮಾತ್ರ, ಗಾಯಕ್ಕಲ್ಲ.